ಶಾಲೆಯ ಮೇಲೆ ಹಬೆ ಇರಲಿಲ್ಲ

ಗ್ಯಾಸಿನಿಂದ ಕರೆಂಟು, ಕಾವು, ನೀರು ಕೊಡುವ ಫ್ಯೂಯಲ್ ಸೆಲ್ ಮಷೀನಿನ ನಲ್ಲಿಯಿಂದ ಹನಿಯುವ ಬಿಸಿನೀರಿಗೆ ಕಸ್ತೂರೆವ್ವ ಕೊಡ ಹಿಡಿದು ಕೂತಿದ್ದಳು. ಆಗಲೇ ಸಮುದಾಯ ಭವನದ ಬಾಗಿಲ ಮೇಲೆ ದಬದಬ ಸದ್ದಾಯಿತು. ಗದಗಿನಲ್ಲಿ ಹಿಮ ಬೀಳತೊಡಗಿದ ಮೇಲೆ ಓಣಿಯ ಜನವೆಲ್ಲ ಬದುಕಿದ್ದು ಈ ಮಷೀನಿನ ಕಾವಿನಲ್ಲಿ. ಅದರ ನೀರಿನಲ್ಲೇ ಗಂಜಿ, ಅದರ ಮಗ್ಗುಲಲ್ಲೇ ಕೂಸುಗಳ ನಿದ್ದೆ.

ಅವಳು ಸೆರಗಿನಿಂದ ಕಿಟಕಿಯ ಗಾಜು ಒರೆಸಿ ನೋಡಿದಳು. ಎದುರಿನ ಶಾಲೆಯ ಕೊಳವೆಯಿಂದ ಹಬೆ ಏಳುತ್ತಿರಲಿಲ್ಲ. ಅಲ್ಲಿಯ ಮಷೀನು ನಿಂತುಹೋಗಿತ್ತು. ಅಲ್ಲಿದ್ದವರೆಲ್ಲ ಈಗ ಇವರ ಬಾಗಿಲಲ್ಲಿದ್ದರು.

"ಶುರು ಮಾಡ್ರವಾ," ಎಂದ, ಭವನದ ಹಿರಿಯ ಈರಪ್ಪಜ್ಜ.

ಹೊರಗಿನವರು ಬಾಗಿಲು ಬಡಿದರೆ ತಾಳ ಹಾಕಿ ಜೋರಾಗಿ ಭಜನೆ ಹಾಡುವುದು ಈಗ ಎಲ್ಲ ಭವನಗಳ ರೂಢಿ. ಕಿವಿಗೆ ಬೀಳದ ಕೂಗಿಗೆ ಪಾಪವಿಲ್ಲ ಎನ್ನುತ್ತಿದ್ದರು.

"ಅಜ್ಜಾರ, ಹೊರಗ ನನ್ನ ತಂಗಿ ಅದಾಳ್ರಿ," ಎಂದಳು ಕಸ್ತೂರೆವ್ವ.

"ನನ್ನ ಅಳಿಯಾನೂ ಅದಾನವಾ. ಅಷ್ಟು ಮಂದಿ ಬಂದ್ರ ಮ್ಯಾಲಿನ ಮಾಳಿಗಿನೂ ಬೆಚ್ಚಗ ಇಡಬೇಕು. ಗ್ಯಾಸಿನ ಲಾರಿ ಬರೂತನಕ ಇರೂ ಗ್ಯಾಸು ಸಾಲತೈತೇನು? ನಿನ್ನ ಮಗಳ ಮಾರಿ ನೋಡಿ ಹೇಳು."

ಕಸ್ತೂರೆವ್ವ ಮಗಳು ಪಾರಿಯ ಮುಖ ನೋಡಿದಳು. ಅವಳನ್ನು ತೊಡೆಯ ಮೇಲೆ ಎಳೆದುಕೊಂಡು, ಅವಳ ಎರಡೂ ಕಿವಿ ಮುಚ್ಚಿ, ಎಲ್ಲರ ಜೊತೆ ದನಿಯೆತ್ತಿದಳು. ಬಾಗಿಲು ಬಡಿದಷ್ಟೂ ತಾಳ ಏರಿತು. ಹಾಡುವವರು ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಭಜನೆಯ ಒಂದು ನುಡಿ ಮುಗಿದು ಎಲ್ಲರೂ ಉಸಿರೆಳೆದುಕೊಳ್ಳುವಾಗ ಪಾರಿ ಅವ್ವನ ಕೈಗಳನ್ನು ಕಿವಿಯಿಂದ ಕಿತ್ತಳು.

"ಯವ್ವಾ, ಹೊರಗ ಚಿಗವ್ವ ನಿನ್ನ ಹೆಸರು ಹಿಡದು ಕರಿಯಾಕತ್ತಾಳ," ಎಂದಳು, ಇಡೀ ಭವನಕ್ಕೆ ಕೇಳುವಂತೆ. "ನಾವ್ಯಾಕ ಹಾಡಾಕತ್ತೀವಿ?"