ಹೆಪ್ಪು ಕೇಳಲು ಬಂದವಳು

ಧಾರವಾಡದ ವಾಚನಾಲಯದಲ್ಲಿ ಮುದಿ ಕಾದಂಬರಿಕಾರ ಗುರುಸಿದ್ಧಪ್ಪನವರು ತಮ್ಮ ಹಳೆಯ ನಗೆಕಾದಂಬರಿ ಓದುತ್ತಿದ್ದರು. ಬದನೆಕಾಯಿ ಕಂಡರೆ ಮುನಿಸಿಕೊಳ್ಳುವ ಕುಕ್ಕರಿನ ಪುಟ ಬಂತು. ಒಂದು ಕಾಲಕ್ಕೆ ಜನ ಇದೇ ಪುಟಕ್ಕೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ನಮ್ಮನಿ ಕುಕ್ಕರೂ ಹಂಗ ನೋಡ್ರಿ, ಮುಂಜಾನಿಂದ ಮಾತಾಡಿಲ್ಲ," ಎಂದರು ಮುಂದಿನ ಸಾಲಿನ ಹೆಂಗಸೊಬ್ಬರು, ಬೇಸರದಿಂದ.

ಚಂದ್ರನ ಮೇಲಿನ ಗಿರ್ಮಿಟ್ ಅಂಗಡಿಯ ಜಗಳಕ್ಕೂ ಯಾರೂ ನಗಲಿಲ್ಲ. "ಅಲ್ಲೀಗ ಉಳ್ಳಾಗಡ್ಡಿ ಹಾಕೂದ ಬಿಟ್ಟಾರ," ಎಂದು ಯಾರೋ ಗೊಣಗಿದರು.

ಗುರುಸಿದ್ಧಪ್ಪನವರು ನೀರು ಕುಡಿದು ಪುಟ ತಿರುವಿದರು. ಇಲ್ಲಿ ನಗೆಯೇನೂ ಇರಲಿಲ್ಲ, ಕಥೆ ಮುಂದೆ ಸಾಗಲೆಂದು ಬರೆದ ಸಾಲುಗಳಷ್ಟೆ. ಪಕ್ಕದ ಮನೆಯ ನೀಲವ್ವ ಖಾಲಿ ಬಟ್ಟಲು ಹಿಡಿದು ನೇರ ಅಡುಗೆಮನೆಗೇ ಬರುತ್ತಾಳೆ. ಮೊಸರಿಗೆ ಚೂರು ಹೆಪ್ಪು ಕೇಳುತ್ತಾಳೆ. ಕೂತು ಚಹಾ ಕುಡಿದು, ಊರ ಸುದ್ದಿಯೆಲ್ಲ ಹೇಳಿ, ಹೆಪ್ಪು ಮರೆತೇ ಹೋಗುತ್ತಾಳೆ.

ಸಭೆ ಗೊಳ್ಳೆಂದು ನಕ್ಕಿತು.

"ಕರೀದನ ಇನ್ನೊಬ್ಬರ ಮನಿಯೊಳಗ ಬರೂದು!" ಆ ಹೆಂಗಸು ಕಣ್ಣೊರೆಸಿಕೊಂಡರು. "ಇಂಥಾದ್ದೆಲ್ಲಾ ಹೆಂಗ ಹೊಳೀತದರಿ ಅಜ್ಜಾರ, ನಿಮಗ?"

"ಹೊಳೀಲಿಲ್ಲ ಯವ್ವಾ," ಎಂದರು ಗುರುಸಿದ್ಧಪ್ಪನವರು. "ಬಾಜೂ ಮನ್ಯಾಗ ಇದ್ದಳು."

ಜನ ಇನ್ನೂ ಜೋರಾಗಿ ನಕ್ಕರು.