ರಾಣಿಯ ನಲವತ್ತೆರಡನೆಯ ಮುಖ

ಕತ್ತಲ ಕಾಡು ಬರೆಯಲು ಹಿಡಿದದ್ದು ಒಂದೂವರೆ ಸೀಸೆ ಕಪ್ಪು ಮಸಿ. ಎಲುಬಿನ ಕೋಟೆಗೆ ಮುಕ್ಕಾಲು. ಸತ್ತ ಸೈನ್ಯ ಎದ್ದು ಬರುವ ಎರಡು ಪುಟಕ್ಕೆ ಮೂರು ಕುಂಚಗಳ ಕೂದಲು ಉದುರಿತು. ರಾಣಿಯ ಮುಖಕ್ಕೆ ಮಾತ್ರ ನಾಲ್ಕು ತಿಂಗಳು, ನಲವತ್ತೆರಡು ಹಾಳೆ. ಈಗ ಇರುವ ಮನೆಗೂ ಸಂಚಕಾರ. ಏಕೆಂದರೆ ಅತ್ತೆ ಮೆಟ್ಟಿಲು ಹತ್ತಿ ಬರುತ್ತಿದ್ದರು, ನಲವತ್ತೆರಡನೆಯ ಮುಖ ಅತ್ತೆಯದಾಗಿತ್ತು.

ಚಿತ್ರಗಾರ ಕೈಗೆ ಸಿಕ್ಕ ಟವೆಲನ್ನು ಹಾಳೆಯ ಮೇಲೆ ಎಸೆದ.

“ಚಿತ್ರಕ್ಕೆ ನೆಗಡಿಯಾ ಅಳಿಯಂದ್ರೇ?”

“ಮಸಿ ಆರಬೇಕು ಅತ್ತೆ.”

“ಒದ್ದೆ ಟವೆಲ್ ಕೆಳಗೆ?”

ಉತ್ತರಕ್ಕೆ ಕಾಯದೆ ಅತ್ತೆ ಕಿಟಕಿ ತೆರೆದರು, ಕುರ್ಚಿ ನೆಟ್ಟಗೆ ಮಾಡಿದರು, ಇಳಿದು ಹೋದರು. ಮನೆ ಅವರದು. ಕೋಣೆ ಅವರದು. ಶಾಲೆಯ ಡ್ರಾಯಿಂಗ್ ಮೇಷ್ಟರ ಕೆಲಸ ಬಿಟ್ಟು ಬಂದ ಅಳಿಯನಿಗೆ, ಮಗಳ ಮುಖ ನೋಡಿ, ಬಿಟ್ಟುಕೊಟ್ಟಿದ್ದರು.

ಬಿಟ್ಟು ಬಂದದ್ದಕ್ಕೆ ಕಾರಣವಿತ್ತು. ಕತ್ತಲ ರಾಣಿಯ ಮಾಯಾಲೋಕದ ಕಾದಂಬರಿಗಳು ಒಟ್ಟು ಏಳು. ಊರೆಲ್ಲ ಓದಿದ್ದರು. ಬರೆದವರು ಯಾರೆಂದು ಪ್ರಕಾಶಕರಿಗೂ ಗೊತ್ತಿರಲಿಲ್ಲ. ಟೈಪು ಮಾಡಿದ ಕಾಗದದಲ್ಲೇ ವ್ಯವಹಾರ. ಏಳನ್ನೂ ಚಿತ್ರ ಕಾದಂಬರಿ ಮಾಡಬೇಕೆಂದಾಗ ಪ್ರಕಾಶಕರು ಇವನಿಗೆ ಹೇಳಿಕಳುಹಿಸಿದ್ದರು.

“ನೀವೇ ಆಗಬೇಕು ಅಂತ ಲೇಖಕರು ಬರೆದಿದ್ದಾರೆ. ಯಾಕೆ ಅಂತ ನನ್ನ ಕೇಳಬೇಡಿ, ನಿಮ್ಮ ಹೆಸರು ನಾನು ಕೇಳೇ ಇರಲಿಲ್ಲ. ರಾಣಿಯ ಮುಖ ಅವರು ಒಪ್ಪಿದರೆ ಕೆಲಸ ನಿಮ್ಮದು. ಇಲ್ಲದಿದ್ದರೆ ಇಲ್ಲ.”

ಚಿತ್ರಗಾರ ಕೊಂಬು ಬರೆದ. ಕೋರೆಹಲ್ಲು ಬರೆದ. ಜಡೆಗೆ ಹಾವು ಕಟ್ಟಿದ. ಪ್ರತಿ ಸಲ ಬಂದದ್ದು ಒಂದೇ ಉತ್ತರ: “ಇವಳನ್ನು ಕಂಡರೆ ಓಡಿಹೋಗೋಣ ಅನಿಸುತ್ತದೆ. ನನ್ನ ರಾಣಿಯನ್ನು ಕಂಡರೆ ಎದ್ದು ನಿಲ್ಲಬೇಕು ಅನಿಸಬೇಕು.”

ಒಂದು ಬೆಳಿಗ್ಗೆ ಅತ್ತೆ ಬಾಗಿಲಲ್ಲಿ ನಿಂತು, ಮೆಟ್ಟಿಲ ಮೇಲೆ ಬಿಟ್ಟಿದ್ದ ಕಾಫಿ ಲೋಟದ ಕಡೆ ಬೆರಳು ತೋರಿಸಿದರು. ಚಿತ್ರಗಾರ ತಾನು ಎದ್ದು ನಿಂತದ್ದನ್ನು ನಿಂತ ಮೇಲೆ ಗಮನಿಸಿದ. ಲೋಟ ತೊಳೆದಿಟ್ಟು ಬಂದು ಆ ಮುಖವನ್ನೇ ಬರೆದ. ಕೊಂಬು ಬೇಕಾಗಲಿಲ್ಲ.

ಸಂಜೆಯೊಳಗೆ ಒಪ್ಪಿಗೆ ಬಂತು. ಒಂದೇ ಮಾತು: “ಇವಳೇ.”

ಕೆಲಸ ಸಿಕ್ಕ ಖುಷಿ ಒಂದು ರಾತ್ರಿಯೂ ನಿಲ್ಲಲಿಲ್ಲ. ಅತ್ತೆ ನೋಡಿದರೆ ಮನೆ ಹೋಯಿತು, ಮುಖ ಬದಲಿಸಿದರೆ ಕೆಲಸ ಹೋಯಿತು. ತಡೆಯಲಾಗದೆ ಮಾವನ ಹತ್ತಿರ ತೋಡಿಕೊಂಡ. ಮಾವ ನಿವೃತ್ತ ಗುಮಾಸ್ತರು. ಬೆಳಿಗ್ಗೆ ಗ್ರಂಥಾಲಯಕ್ಕೆ ಹೋಗಿ ಪೇಪರ್ ಓದುವುದು, ಮಧ್ಯಾಹ್ನ ಹೆಂಡತಿ ಹೇಳಿದ ತರಕಾರಿ ಬಿಡಿಸುವುದು, ಇಷ್ಟೇ ಬದುಕು. ಹಾಳೆಯನ್ನು ಬಹಳ ಹೊತ್ತು ನೋಡಿದರು.

“ಚೆನ್ನಾಗಿದೆ. ಅವಳ ಕಣ್ಣಿಗೆ ಬೀಳದ ಹಾಗೆ ನೋಡ್ಕೊಳ್ಳಿ.”

“ಅಚ್ಚಾಗಿ ಬಂದ ಮೇಲೆ ಏನ್ಮಾಡೋದು ಮಾವ?”

“ಅವಳು ಪುಸ್ತಕ ಓದಲ್ಲ. ಅದೊಂದು ನಮ್ಮ ಪುಣ್ಯ.”

ಮೊದಲ ಸಂಪುಟದ ಕೊನೆಯ ಪುಟ ಉಳಿದಿತ್ತು. ಯುದ್ಧ ಗೆದ್ದ ರಾಣಿ ಕವಚ ಕಳಚಿ ಒಬ್ಬಳೇ ನಿಲ್ಲುತ್ತಾಳೆ. ಅದಕ್ಕೂ ಕಾಗದ ಬಂತು: “ಬೆನ್ನು ತಿರುಗಿಸಿ ನಿಲ್ಲಲಿ. ಬಲ ಭುಜದ ಹಿಂದೆ ಮೂರು ಮಚ್ಚೆ, ಸೊಟ್ಟ ಸಾಲಿನಲ್ಲಿ. ಅವಳ ಕೈಗೂ ಎಟುಕದ ಜಾಗ.” ಚಿತ್ರಗಾರ ಹೇಳಿದಷ್ಟು ಬರೆದು, ಸ್ನಾನಕ್ಕೆ ಹೋದ.

ಬಂದು ನೋಡಿದರೆ ಮೇಲೆ ಕೋಣೆ ಗುಡಿಸಿ ಆಗಿತ್ತು. ಹಾಳೆಗಳಿರಲಿಲ್ಲ.

ಅವು ಕೆಳಗೆ ಅಡುಗೆಮನೆಯ ಮೇಜಿನ ಮೇಲಿದ್ದವು. ಒಂದು ಕಡೆ ಮಾವ ಬಟಾಣಿ ಬಿಡಿಸುತ್ತಿದ್ದರು. ಇನ್ನೊಂದು ಕಡೆ ಅತ್ತೆ ಕನ್ನಡಕ ಏರಿಸಿಕೊಂಡು ನಲವತ್ತೆರಡನೆಯ ಮುಖವನ್ನು ನೋಡುತ್ತಿದ್ದರು. ಚಿತ್ರಗಾರ ಬಾಗಿಲಲ್ಲೇ ನಿಂತ.

“ಯಾರಪ್ಪ ಈ ಹೆಂಗಸು?” ಅಂದರು ಅತ್ತೆ. “ಏನು ಗತ್ತು! ನಮ್ಮ ಪೈಕಿ ಇಂಥೋರು ಒಬ್ಬರೂ ಇಲ್ಲ ಬಿಡಿ.”

ಚಿತ್ರಗಾರ ಗೋಡೆಗೆ ಒರಗಿ ಉಸಿರು ಬಿಟ್ಟ. ಮಾವ ತಲೆ ಎತ್ತಲಿಲ್ಲ.

ಅತ್ತೆ ಮುಂದಿನ ಹಾಳೆ ತಿರುವಿದರು. ಕೈ ಅಲ್ಲೇ ನಿಂತಿತು.

“ಇದನ್ನ ನಿಮಗೆ ಯಾರು ಹೇಳಿದ್ದು?”

“ಯಾವುದು ಅತ್ತೆ?”

“ಈ ಮೂರು ಮಚ್ಚೆ.”

“ಬರೆದವರೇ ಹೇಳಿದ್ದು. ಬೇಕಾದ್ರೆ ಕಾಗದ ತೋರಿಸ್ತೀನಿ.”

“ನನ್ನ ಬೆನ್ನಲ್ಲಿರೋದನ್ನ ನಾನೇ ಕಂಡಿಲ್ಲ,” ಅಂದರು ಅತ್ತೆ, ನಿಧಾನವಾಗಿ. “ಇದೆ ಅಂತ ಹೇಳಿದೋರು ಒಬ್ಬರೇ. ಮದುವೆಯಾದ ಹೊಸದರಲ್ಲಿ.”

ಕನ್ನಡಕ ತೆಗೆದು ಮೇಜಿನಾಚೆ ತಿರುಗಿದರು.

“ಎಷ್ಟು ಪುಸ್ತಕ ರೀ?”

“ಏಳು,” ಅಂದರು ಮಾವ, ಎದ್ದು ನಿಂತು. “ಎಂಟನೇದು ಅರ್ಧ ಆಗಿದೆ.”

ಚಿತ್ರಗಾರನಿಗೆ ಮನೆಯೂ ಉಳಿಯಿತು, ಕೆಲಸವೂ ಉಳಿಯಿತು; ಹೋದದ್ದು ಮಾವನ ಗುಟ್ಟೊಂದೇ.