ಹೆಸರಿಲ್ಲದ ಒಡಪು

"ಮೊದಲ ಹೆಸರ ಹೇಳು, ಆಮ್ಯಾಲ ಒಳಗ ಬಾ," ಎಂದು ಶಂಕ್ರೆವ್ವ ಬಾಗಿಲಿಗೆ ಅಡ್ಡ ಕೈ ಚಾಚಿ ನಿಂತಳು. ಮದುಮಗನ ಅಕ್ಕ ಅವಳು. ಪ್ರಾಸದ ಒಡಪು ಕಟ್ಟಿ, ಅದರಲ್ಲಿ ಹೆಂಡತಿಯ ಹೆಸರು ಹೇಳದ ಹೊರತು ತಮ್ಮನನ್ನು ಒಳಗೆ ಬಿಡುವವಳಲ್ಲ.

ಸಾವಳಗಿಯಿಂದ ಟ್ರ್ಯಾಕ್ಟರಿನಲ್ಲಿ ಬಂದಿಳಿದ ಮದುಮಗಳು ಗುರುಬಾಯಿ ಬೆಳಗಿನಿಂದ ಒಂದು ತುತ್ತು ತಿಂದಿರಲಿಲ್ಲ. ರಬಕವಿಯ ಆ ಮನೆಯ ಮುಂದಿನ ಹಾಸುಗಲ್ಲು ಚೈತ್ರದ ಬಿಸಿಲಿಗೆ ಕಾದ ಹೆಂಚಾಗಿತ್ತು. ಮನೆ ತುಂಬುವವಳು ಮೆಟ್ಟಿಕೊಂಡು ನಿಲ್ಲಬಾರದೆಂದು ಅವಳ ಚಪ್ಪಲಿ ಟ್ರ್ಯಾಕ್ಟರಿನಲ್ಲೇ ಉಳಿದಿತ್ತು. ಪಕ್ಕದಲ್ಲಿ ಹೊಸ ಚಪ್ಪಲಿ ಮೆಟ್ಟಿ ನಿಂತ ಮದುಮಗ ಗಿರಿಮಲ್ಲಪ್ಪ ಮಾಸ್ತರರಿಗೆ ಯಾವ ಅವಸರವೂ ಇರಲಿಲ್ಲ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವರು, ಸಾಲದ್ದಕ್ಕೆ ಕವಿಗಳು. ಗಂಟಲು ಸರಿಮಾಡಿಕೊಂಡು ಶುರು ಹಚ್ಚಿದರು.

ಅವಳು ಕಮಲವಾದಳು, ಬೆಳದಿಂಗಳಾದಳು, ಮಾನಸ ಸರೋವರದ ಹಂಸವಾದಳು. ಮುಗಿಯಿತು ಅನ್ನುವಷ್ಟರಲ್ಲಿ ಕಲ್ಪಲತೆಯೂ ಆದಳು. ಇಷ್ಟೆಲ್ಲ ಆದವಳು ಒಂದು ಪಾದ ಎತ್ತಿ ಇನ್ನೊಂದು ಊರುತ್ತಿರುವುದು ಮಾತ್ರ ಆ ಮಹಾನುಭಾವನಿಗೆ ಕಾಣಲಿಲ್ಲ. ಗುರುಬಾಯಿಗೆ ಅಳು ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಇಂಥವನ ಜೊತೆ ಜೀವಮಾನವಿಡೀ ಬಾಳುವುದು ಹೇಗೆ?

"ಹೆಸರ ಎಲ್ಲೈತೋ?" ಅಂದಳು ಶಂಕ್ರೆವ್ವ.

"ಅಕ್ಕಾ, ರೂಪಕದಾಗ ಹೆಸರ ಹೇಳಬಾರದು. ಕೇಳಿದವರು ತಿಳಕೋಬೇಕು."

"ನಮಗ ತಿಳಿಲಿಲ್ಲ. ಇನ್ನೊಮ್ಮಿ ಹೇಳು."

ಮಾಸ್ತರರು ಖುಷಿಯಾಗಿ ಮತ್ತೆ ಕಮಲದಿಂದಲೇ ಹಿಡಿದುಕೊಂಡರು. ಗುರುಬಾಯಿಗೆ ತಡೆಯಲಾಗಲಿಲ್ಲ. ಗಂಡನ ಹೆಸರು ಹೇಳುವ ತನ್ನ ಸರದಿ ಬರುವ ಮೊದಲೇ, ಸೆರಗು ಬಿಗಿಮಾಡಿ ಹೇಳಿಬಿಟ್ಟಳು:

"ಹೂವಿನ ಸುದ್ದಿ ಬಾಳ ಹೇಳತೈತಿ, ನೆರಳಿಲ್ಲದ ಗಿಡರಿ;
ಗಿರಿಮಲ್ಲಪ್ಪನ ಹೆಸರ ಹೇಳೇನಿ, ಸರದ ದಾರಿ ಬಿಡರಿ."

ನೆರೆದ ಹೆಂಗಸರು ನಕ್ಕರು. ಶಂಕ್ರೆವ್ವ ಕೈ ತೆಗೆದಳು. ಗುರುಬಾಯಿ ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಬಲಗಾಲಿನಿಂದ ಉರುಳಿಸಿ ಒಳಗೆ ಹೋಗಿ ತಣ್ಣನೆಯ ನೆಲದ ಮೇಲೆ ಎರಡೂ ಪಾದ ಊರಿದಳು.

"ನೋಡ್ರಿ, ಇದಕ್ಕ ರೂಪಕ ಅಂತಾರ. ಇಲ್ಲಿ ಗಿಡ ಅಂದ್ರ ನಾನು," ಎಂದು ಹೆಂಗಸರಿಗೆ ವಿವರಿಸುತ್ತಲೇ ಮಾಸ್ತರರು ಒಳಬರಲು ಚಪ್ಪಲಿ ಕಳಚಿದರು. ಶಂಕ್ರೆವ್ವನ ಕೈ ಮತ್ತೆ ಅಡ್ಡ ಬಂತು.

"ಆಕಿದು ಆತು. ನಿಂದು ಇನ್ನೂ ಆಗಿಲ್ಲ."

ಮಾಸ್ತರರು ಬಾಯಿ ತೆರೆದರು. ಕಮಲ ಬರಲಿಲ್ಲ, ಹಂಸವೂ ಬರಲಿಲ್ಲ. ಹಾಸುಗಲ್ಲಿನ ಮೇಲೆ ಕಾಲುಗಳು ತಾವಾಗಿಯೇ ಕುಣಿಯತೊಡಗಿದವು.

"ಗುರುಬಾಯಿ."

"ಮುಂದ?"

"ಮುಂದ ಏನೂ ಇಲ್ಲ ಬೇ ಅಕ್ಕಾ. ಸುಡಾಕತ್ತೈತಿ."